ಪ್ರಾಸವಿಲ್ಲದ ಒಡಪು

ನಮ್ಮ ಅವ್ವ ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಐದಾರು ಸಲ ಮಾತ್ರ, ಅದೂ ಒಡಪಿನಲ್ಲಿ. ರೇಷನ್ ಅಂಗಡಿಯವನು ಯಜಮಾನರ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳಿ ತಾನು ಬೇರೆ ಕಡೆ ನೋಡುತ್ತಿದ್ದಳು. ಆದರೆ ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೆಂಗಸರು ಸೇರಿ "ಹೆಸರು ಹೇಳ್ರೀ" ಎಂದು ಗಂಟುಬಿದ್ದರೆ, ಪ್ರಾಸ ಕೂಡಿದ ಎರಡು ಸಾಲು ಹೇಳಿ, ಅದರಲ್ಲಿ ಗಂಡನ ಹೆಸರನ್ನು ಸಿಕ್ಕಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆ ಸಾಲುಗಳೇ ಒಡಪು. ಪಕ್ಕದ ಮರಾಠಿ ಮನೆಯವರು ಅದನ್ನೇ ಉಖಾಣೆ ಎನ್ನುತ್ತಿದ್ದರು. ನಾನು ಆ ಅವ್ವನ ಮಗಳೇ ತಾನೆ, ಹಾಗಾಗಿ ಈ ಬರಹದಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ಖಾನಾಪುರದ ನಮ್ಮ ಓಣಿಗೆ ಒಡಪು ಬರೆದುಕೊಡುವವಳು ನಾನು. ನನಗಾಗ ಹದಿನಾರು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿಂದ ತರುತ್ತಿದ್ದ ಹಾಳೆಗಳ ಹಿಂಬದಿಯೇ ನನ್ನ ಪುಸ್ತಕ. ಮದುವೆ ಗೊತ್ತಾದ ಹುಡುಗಿಯರು ನಾಚಿಕೊಂಡು ಹಿತ್ತಲ ಬಾಗಿಲಿಂದ ಬರುತ್ತಿದ್ದರು. ನಾನು ಡಾಕ್ಟರರ ಹಾಗೆ ಗಂಭೀರವಾಗಿ ಕುಳಿತು, ಹುಡುಗ ಏನು ಮಾಡುತ್ತಾನೆ, ಊರು ಯಾವುದು, ಅತ್ತೆ ಜೋರೋ ಸಮಾಧಾನವೋ ಎಂದೆಲ್ಲ ಕೇಳುತ್ತಿದ್ದೆ. ಒಬ್ಬಳಿಗೆ ಬಸ್ ಕಂಡಕ್ಟರ್ ಗಂಡ ಗೊತ್ತಾಗಿದ್ದ. ಅವಳಿಗೆ ಬರೆದುಕೊಟ್ಟಿದ್ದು ಹೀಗೆ:

"ಬಸ್ಸು ಬಿಡಾಕ ಎರಡು ಗಂಟಿ,
——— ಬರೂತನಕ ನಾ ಒಬ್ಬಾಕಿ ಒಂಟಿ."

ಗೆರೆ ಎಳೆದ ಕಡೆ ಹೆಸರು. ಆ ಒಡಪು ಮದುವೆಮನೆಯಿಂದ ಹೊರಬಿದ್ದು ಪಾರಿಶ್ವಾಡದವರೆಗೂ ಹೋಗಿಬಂತು. ಕಂಡಕ್ಟರ್ ಗಂಡ ಇಲ್ಲದವರೂ ಹೇಳಿಕೊಂಡರು. ನನಗೆ ಸೊಕ್ಕು ಬರದೆ ಏನಾಗಬೇಕು? ಪ್ರಾಸ ಗಟ್ಟಿ ಇರಬೇಕು, ಅಕ್ಷರ ಅಕ್ಷರಕ್ಕೆ ತಾಗಬೇಕು, ಕೇಳಿದ ಹೆಂಗಸರು ಗೊಳ್ಳೆಂದು ನಗಬೇಕು, ಅದೇ ಒಳ್ಳೆಯ ಬರವಣಿಗೆ ಎಂದು ನಾನು ಖಡಾಖಂಡಿತ ತೀರ್ಮಾನ ಮಾಡಿಬಿಟ್ಟಿದ್ದೆ.

ಒಡಪು ಹಾಡೂ ಹೌದು, ಆಟವೂ ಹೌದು. ಆಟ ನಡೆಯುವುದು ಹೊಸ್ತಿಲಲ್ಲಿ. ಮದುಮಗಳು ಗಂಡನ ಮನೆಗೆ ಬಂದು ಅಕ್ಕಿ ತುಂಬಿದ ಸೇರನ್ನು ಕಾಲಿನಿಂದ ದೂಡಿ ಒಳಗೆ ಹೋಗಬೇಕು. ಅದಕ್ಕೂ ಮೊದಲು ನಾದಿನಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. "ನಮ್ಮ ಅಣ್ಣನ ಹೆಸರು ಹೇಳು, ಒಳಗ ಬಾ." ಹೆಸರು ಹೇಳುವ ತನಕ ಕೈ ಇಳಿಯುವುದಿಲ್ಲ. ಓಣಿಯ ಹೆಂಗಸರೆಲ್ಲ ಅದನ್ನು ಕೇಳಲೆಂದೇ ಅಂಗಳದಲ್ಲಿ ನೆರೆದಿರುತ್ತಾರೆ.

ನನ್ನ ಅಕ್ಕನಿಗೆ ಉಗ್ಗು ಇತ್ತು. ಸಣ್ಣಪುಟ್ಟದಲ್ಲ. ಕೆಲವು ಅಕ್ಷರಗಳಿಗೆ ಬಂದರೆ ಮಾತು ಪೂರ್ತಿ ನಿಂತುಬಿಡುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿದ್ದವು. ಅವಳು ನಿಂತ ಕಡೆಯೆಲ್ಲ ನಾನು ಚುಕ್ಕೆ ಇಟ್ಟು ಬರೆದು ತೋರಿಸಿದರೆ ಅವಳಿಗೆ ಸಿಟ್ಟು ಬರುತ್ತದೆ. ಅವಳ ಮಾತು ಬಂದಾಗ ಓದುವವರೇ ನಡುವೆ ಒಂದಿಷ್ಟು ನಿಂತು ಓದಿಕೊಳ್ಳಬೇಕು.

ಆದರೆ ಹಾಡಿದರೆ ಉಗ್ಗು ಇಲ್ಲ! ಒಂದು ಅಕ್ಷರವೂ ತಡೆಯುತ್ತಿರಲಿಲ್ಲ. ಅವ್ವನ ಬೀಸುವ ಪದಗಳನ್ನು ಅವಳು ಹಾಡುತ್ತಿದ್ದರೆ ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಬೆಳಗಾವಿಯಿಂದ ಅವಳನ್ನು ನೋಡಲು ಬಂದವರ ಮುಂದೆ ನಡೆದದ್ದೂ ಇದೇ. ಅವರು ರೂಢಿಯಂತೆ "ಒಂದು ಪದಾ ಹಾಡವಾ" ಎಂದರು. ಅಕ್ಕ ಹಾಡಿದಳು. ಹುಡುಗನ ತಾಯಿ ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದ ಪ್ರಶ್ನೆಗಳಿಗೆಲ್ಲ ಅಪ್ಪನ ತಂಗಿ, ನಮ್ಮ ಅತ್ತಿ, ಅಕ್ಕನಿಗಿಂತ ಮೊದಲೇ ಉತ್ತರ ಕೊಟ್ಟುಬಿಟ್ಟಳು. ಎಷ್ಟನೇ ತರಗತಿ ಓದಿದ್ದಾಳೆ, ಹೊಲಿಗೆ ಬರುತ್ತದೆಯೇ, ಎಲ್ಲಕ್ಕೂ ಅತ್ತಿಯೇ. ಹುಡುಗ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಅಚ್ಚು ಹಾಕುವ ಕೆಲಸದವನು, ಅವನೂ ಹೆಚ್ಚು ಮಾತನಾಡಲಿಲ್ಲ. ಅವಲಕ್ಕಿ ತಿಂದರು, ಒಪ್ಪಿಗೆ ಹೇಳಿದರು, ಹೋದರು.

ಅವರು ಹೋದ ಮೇಲೆ ಅವ್ವ ಮೆಲ್ಲಗೆ ಕೇಳಿದಳು, "ಹೇಳಬೇಕಿತ್ತೇನ್ರೀ?"

ಅಪ್ಪ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. "ಕೇಳಿದ್ರ ಹೇಳತಿದ್ನಿ. ಅವ್ರು ಕೇಳಲಿಲ್ಲ."

ಯಾರೂ ಸುಳ್ಳು ಹೇಳಿರಲಿಲ್ಲ, ಖರೇ. ಆದರೆ ಮನೆಯಲ್ಲಿ ಯಾರಿಗೂ ಅವತ್ತು ಊಟ ಸೇರಲಿಲ್ಲ.

ಎರಡು ದಿನದ ನಂತರ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. "ಹೊಸ್ತಿಲದಾಗ ಏನ್ ಮಾಡ್ಲಿ?" ಅಷ್ಟೇ ಕೇಳಿದ್ದು. ಅವಳಿಗೆ ಅತಿ ಭಾರವಾದ ಅಕ್ಷರಗಳು ಕ ಮತ್ತು ಬ. ಹುಡುಗನ ಹೆಸರು ಶುರುವಾಗುವುದೇ ಅವುಗಳಲ್ಲಿ ಒಂದರಿಂದ. ಮೂವತ್ತು ನಲವತ್ತು ಹೆಂಗಸರ ಎದುರು ಆ ಹೆಸರು ಗಂಟಲಲ್ಲಿ ಸಿಕ್ಕಿಕೊಂಡರೆ ನಾವು ಮುಚ್ಚಿಟ್ಟದ್ದೆಲ್ಲ ಅಲ್ಲೇ ಬಯಲಾಗುತ್ತಿತ್ತು. ಅಕ್ಷತೆ ಬಿದ್ದ ದಿನವೇ ವಾಪಸ್ ಕಳಿಸಿದರೆ?

"ಅಯ್ಯ, ಅದಕ್ಯಾಕ ಇಷ್ಟು ಚಿಂತಿ? ನಾ ಅದೀನಲ್ಲ!" ಎಂದೆ ನಾನು. ಒಂದೇ ದಿನದಲ್ಲಿ ಬರೆದೆ. ಸುಳ್ಳು ಯಾಕೆ ಹೇಳಲಿ, ಬರೆದು ನನಗೇ ನಾನು ಶಭಾಷ್ ಅಂದುಕೊಂಡೆ:

"ಕಣಕುಂಬಿ ಕಾಡಾಗ ಹುಟ್ಟಿತು ಹೊಳಿ,
ಕೈತುಂಬ ತೊಡಿಸ್ಯಾರ ಹಸರು ಬಳಿ,
ಬೆಳಗಾವಿ ಬೀದ್ಯಾಗ ಬಂಗಾರದ ಮಳಿ…"

ನಾಲ್ಕನೆಯ ಸಾಲಿನ ತುದಿಗೆ ಹೆಸರು, ಸಿನಿಮಾದಲ್ಲಿ ನಾಯಕ ಬಂದ ಹಾಗೆ. ಅಕ್ಕ ಹಾಳೆ ಹಿಡಿದು ಓದತೊಡಗಿದಳು. ಕಣಕುಂಬಿಯ ಮೊದಲ ಅಕ್ಷರದಲ್ಲೇ ನಿಂತಳು. ನಾನು ಕಾದೆ. ಅವಳು ಮತ್ತೆ ಬಾಯಿ ತೆಗೆದಳು, ಮತ್ತೆ ನಿಂತಳು. ಆಗ ನೋಡುತ್ತೇನೆ, ಪ್ರಾಸದ ಹುರುಪಿನಲ್ಲಿ ನಾನು ಮೂರೂ ಸಾಲುಗಳನ್ನು ಅವಳು ಹೆದರುವ ಅಕ್ಷರಗಳಿಂದಲೇ ಶುರು ಮಾಡಿದ್ದೆ. ಹುಟ್ಟಿದಾಗಿನಿಂದ ಒಂದೇ ಕೌದಿಯಲ್ಲಿ ಮಲಗಿದ ಅಕ್ಕ, ಅವಳ ಬಾಯಿ ನನಗೆ ಗೊತ್ತಿರಲಿಲ್ಲ.

ಹೊಸದು ಬರೆದೆ. ಮತ್ತೊಂದು ಬರೆದೆ. ಕ ತೆಗೆದೆ, ಬ ತೆಗೆದೆ. ಹೆಸರು ಮಾತ್ರ ತೆಗೆಯಲು ಬರುತ್ತಿರಲಿಲ್ಲ. ಸಾಲು ಸರಾಗ ಬಂದರೂ ಕೊನೆಯಲ್ಲಿ ಹೆಸರು ಕಾಯುತ್ತಿದೆ ಎಂದು ಅವಳಿಗೆ ಮೊದಲೇ ಗೊತ್ತು, ಹತ್ತಿರ ಬಂದ ಹಾಗೆಲ್ಲ ಉಸಿರು ಸಣ್ಣದಾಗುತ್ತಿತ್ತು. ಎಂಟನೆಯ ಒಡಪೂ ಕೆಟ್ಟಾಗ ನನ್ನ ತಲೆ ಕೆಟ್ಟಿತು.

"ಹಾಡೂ ಮುಂದ ಬರತೈತಿ, ಮಾತಾಡೂ ಮುಂದ ಬರಂಗಿಲ್ಲ. ಬೇಕಂತ ಮಾಡತೀಯೇನ?"

ಈ ಮಾತು ಆಡಿದವಳು ನಾನೇ. ಅಕ್ಕ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ನನ್ನ ಕೈಗೆ ಕೊಟ್ಟು ನೀರು ತರಲು ಹೋದಳು. ಇವತ್ತಿಗೂ ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮದುವೆಗೆ ಎಂಟು ದಿನ ಇದ್ದಾಗ ಬಳೆ ತೊಡಿಸಲು ಖಾಲಾ ಬಂದಳು. ಪಕ್ಕದ ಓಣಿಯ ಬಳೆಗಾರ ಮುದುಕಿ, ಊರಿಗೆಲ್ಲ ಖಾಲಾ, ಅಂದರೆ ಚಿಗವ್ವ. ಅವಳ ಮನೆಯಲ್ಲಿ ದಖ್ಖನಿ ಮಾತು, ನಮ್ಮ ಜೊತೆ ಕನ್ನಡ. ಊರಿನ ಎಲ್ಲ ಮದುಮಕ್ಕಳ ಮುಂಗೈಯೂ ಅವಳಿಗೆ ಬಾಯಿಪಾಠ. ಅಕ್ಕನ ಕೈ ದೊಡ್ಡದು, ಎಲುಬು ಗಟ್ಟಿ. ನಾನು ಗೊಂಚಲಿನಿಂದ ಕೆತ್ತನೆಯ ಹಸಿರು ಬಳೆ ಎಳೆದು, "ಇದು ಭಾಳ ಚಂದ ಐತಿ, ಇದನ್ನ ಹಾಕು ಖಾಲಾ" ಎಂದೆ.

"ಅರೇ ಬೇಟಿ, ಬಳಿ ಚಂದ ಐತಂತ ಆಕೀ ಕೈ ಸಣ್ಣ ಆಗತೈತೇನ?" ಖಾಲಾ ನಕ್ಕು ಬಳೆಯನ್ನು ಕಸಿದು ತಿರುಗಿ ಗೊಂಚಲಿಗೆ ಸೇರಿಸಿದಳು. "ಮೊದಲ ಕೈ ನೋಡಬೇಕು, ಆಮ್ಯಾಲ ಬಳಿ ತೆಗೀಬೇಕು."

ಬಳೆ ಏರಿಸುವಾಗ ಅವಳು ಬಳೆಯನ್ನಾಗಲಿ ಕೈಯನ್ನಾಗಲಿ ನೋಡುತ್ತಿರಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಯಾಕೆ ಎಂದು ಕೇಳಿದೆ. "ನೋವು ಮೊದಲ ಮಾರಿ ಮ್ಯಾಲ ಬರತೈತಿ. ಮಾರಿ ಸಣ್ಣ ಆತಂದ್ರ ನಾ ನಿಲ್ಲತೀನಿ. ಜೋರ್ ಮಾಡಿದ್ರ ಬಳಿನೂ ಒಡೀತೈತಿ, ಕೈನೂ ಹರೀತೈತಿ." ಒಂದು ಕೈಗೆ ಹನ್ನೊಂದು ಬಳೆ ಏರಿಸಲು ಅವಳಿಗೆ ಸುಮಾರು ಹೊತ್ತು ಹಿಡಿಯಿತು. ಒಂದೂ ಒಡೆಯಲಿಲ್ಲ.

ನಾನು ಆವತ್ತೇ ಹಳೆಯ ಹಾಳೆಗಳನ್ನು ಒಲೆಗೆ ಹಾಕಿದೆ. ಅಕ್ಕನ ಬಾಯಿಗೆ ಯಾವುದು ಸಲೀಸು? ಹಾಡು ಸಲೀಸು, ಅದರಲ್ಲೂ ಅವ್ವನ ಬೀಸುವ ಪದದ ದಾಟಿ. ಹೆಸರು ತುದಿಯಲ್ಲಿ ಬೇಡ, ರಾಗ ಏರಿ ಇಳಿಯುವ ನಡುವೆ ಸರಕ್ಕನೆ ಬಂದು ಹೋಗಲಿ.

"ಆರತಿ ಹಿಡಿದಾರ ಅಂಗಳದ ನಾರ್ಯಾರು
ಆಸೀಲೆ ಬಂದೀನ ——— ಜೋಡೀಲೆ
ಅತ್ತೀಯ ಮನಿಯ ಮಗಳಾಗಿ."

ಅಕ್ಕ ಹಾಡಿದಳು. ಹೆಸರು ಬಂತು, ಹೋಯಿತು, ತಡೆಯಲೇ ಇಲ್ಲ! ಅವ್ವ ಒಳಗಿನಿಂದ ಓಡಿಬಂದು ಅವಳ ಮುಖಕ್ಕೆ ಲಟಿಗೆ ಮುರಿದಳು. ಅಪ್ಪ ಮರುದಿನ ನನಗೆ ಬರೆಯಲು ಹೊಸ ನೋಟಬುಕ್ ತಂದುಕೊಟ್ಟ. ಒಡಪನ್ನು ಹಾಡಿದರೆ ಯಾರು ಬೇಡ ಅನ್ನುತ್ತಾರೆ? ಇನ್ನಷ್ಟು ಖುಷಿಪಡುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ನಾನು ಅಕ್ಕನ ತಲೆ ಬಾಚುತ್ತಿದ್ದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದಳು, "ನೀ ಬರದದ್ದು ಚಂದ ಐತಿ."

"ಐತಲ್ಲ ಮತ್ತ!"

"ಹಾಡಿ ಒಳಗ ಹೋದೆ ಅಂತ ತಿಳಿ. ನಾಳಿಗೆ ಉಪ್ಪು ಕೇಳಬೇಕಾದ್ರ?" ಈ ಇಷ್ಟು ಮಾತಿಗೆ ಅವಳು ಮೂರು ಕಡೆ ನಿಂತಳು. ಕೊನೆಗೆ, "ಉಪ್ಪು ಕೊಡ್ರಿ ಅಂತ ಹಾಡ್ಲೇನು?"

ನನಗೆ ನಗು ತಡೆಯಲಿಲ್ಲ. ಅವಳೂ ನಕ್ಕಳು. ನಕ್ಕು ಮುಗಿದ ಮೇಲೆ ನೋಡಿದರೆ ಅವಳ ಕಣ್ಣಲ್ಲಿ ನೀರು ನಿಂತಿತ್ತು. ನಾನು "ಮೊದಲ ಒಳಗ ಹೋಗು, ಉಪ್ಪಿನ ಚಿಂತಿ ಆಮ್ಯಾಲ ಮಾಡೂಣು" ಎಂದು ಜಡೆ ಬಿಗಿದೆ. ಅವಳು ಏನು ಹೇಳಲು ಹೊರಟಿದ್ದಳು ಎಂದು ಕೇಳಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲ.

ಮದುವೆ ಖಾನಾಪುರದಲ್ಲಿ ಆಯಿತು. ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಗೆ ಹೊರಟೆವು. ಮದುಮಗಳ ಜೊತೆ ತಂಗಿ ಹೋಗುವುದು ರೂಢಿ, ಹಾಗಾಗಿ ನಾನು. ಹಿರಿಯಳೆಂದು ಅತ್ತಿ. ದಾರಿಯುದ್ದಕ್ಕೂ ನಾನು ಅಕ್ಕನ ಅಂಗೈ ಮೇಲೆ ಬೆರಳಿನಿಂದ ಹಾಡಿನ ತಾಳ ಹಾಕುತ್ತಿದ್ದೆ.

ಬೆಳಗಾವಿಯ ಶಹಾಪುರ ಭಾಗದ ಗಲ್ಲಿಯಲ್ಲಿ ಅವರ ಮನೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ಅಂಗಳದ ತುಂಬ ಹೆಂಗಸರು, ಕನ್ನಡ ಮಾತನಾಡುವವರು, ಮರಾಠಿ ಮಾತನಾಡುವವರು, ಎಲ್ಲರೂ. ಹೊಸ್ತಿಲ ಮೇಲೆ ಅಕ್ಕಿಯ ಸೇರು. ನಾದಿನಿ ಎರಡೂ ಕೈ ಚಾಚಿ ನಿಂತಳು, ಕಿಲಾಡಿ ಹುಡುಗಿ. "ಹೆಸರು ಹೇಳು ವೈನೀ! ಹಂಗ ಬಿಡಂಗಿಲ್ಲ ನಾ." ಅಕ್ಕ ಮತ್ತು ಭಾವ ಸೆರಗಿಗೆ ಶಲ್ಯ ಗಂಟು ಹಾಕಿಕೊಂಡು ಅಕ್ಕಪಕ್ಕ ನಿಂತಿದ್ದರು. ನಾನು ಹಿಂದಿನಿಂದ ಅಕ್ಕನ ಬೆನ್ನಿಗೆ ಬೆರಳು ಮುಟ್ಟಿಸಿ ತಾಳ ಕೊಟ್ಟೆ. ಒಂದು, ಎರಡು, ಈಗ ದನಿ ತೆಗಿ.

ಅಕ್ಕ ಹಾಡಲಿಲ್ಲ.

ಅವಳು ನಾದಿನಿಯ ಕಡೆ ನೋಡಲಿಲ್ಲ, ಹೆಂಗಸರ ಕಡೆಯೂ ನೋಡಲಿಲ್ಲ. ಭಾವನ ಕಡೆ ತಿರುಗಿ, ಹಾಡಿನ ದನಿಯಲ್ಲಲ್ಲ, ತನ್ನ ಮಾತಿನ ದನಿಯಲ್ಲೇ ಶುರು ಮಾಡಿದಳು. "ನನಗ ಮಾತು ತಡಾ ಆಗಿ ಬರತಾವ." ಅಷ್ಟಕ್ಕೇ ಎರಡು ಕಡೆ ನಿಂತಿತ್ತು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. "ಕಾಯೂದಾದ್ರ ಒಳಗ ಬರತೀನಿ…"

ಇನ್ನು ಹೆಸರು.

ಹೆಸರು ಬರಲಿಲ್ಲ. ತುಟಿ ಅಲ್ಲಾಡುತ್ತಿದ್ದವು, ಕತ್ತಿನ ನರ ಎದ್ದಿತ್ತು. ಅತ್ತಿಯ ಉಗುರು ನನ್ನ ತೋಳಿನಲ್ಲಿ ಇಳಿಯುತ್ತಿತ್ತು. ನನಗೆ ಆ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಕೂಗಿ ಹೇಳಿ ಮುಗಿಸಿಬಿಡಲೇ ಅನ್ನಿಸಿತು. ನಾದಿನಿಗೂ ಹಾಗೇ ಅನ್ನಿಸಿರಬೇಕು, ಪಾಪ, ಹೆಸರಿನ ಮೊದಲ ಅಕ್ಷರವನ್ನು ಮೆಲ್ಲಗೆ ಎತ್ತಿಕೊಟ್ಟಳು. ಭಾವ ಅಂಗೈ ಸ್ವಲ್ಪ ಎತ್ತಿ ತಂಗಿಯನ್ನು ಸುಮ್ಮನಿರಿಸಿದ. ಅವನು ನೆಲ ನೋಡಲಿಲ್ಲ, ಜನ ನೋಡಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಿದ್ದ, ಖಾಲಾ ನೋಡಿದ ಹಾಗೆ.

ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಹೆಸರು ಬಂತು. ಒಡೆದು, ತಡೆದು ಬಂತು. ಆದರೆ ಪೂರ್ತಿ ಬಂತು.

"ಬಾ," ಎಂದ ಭಾವ. "ನನಗೇನು ಗಡಿಬಿಡಿ ಇಲ್ಲ."

ನಾದಿನಿ ಕೈ ಇಳಿಸಿದಳು. ಅಕ್ಕ ಸೇರು ದೂಡಿದಳು, ಅಕ್ಕಿ ಒಳಗೆ ಚೆಲ್ಲಿತು. ಅದು ಒಡಪೇ? ಪ್ರಾಸವಿಲ್ಲ, ಹೊಳೆ ಇಲ್ಲ, ಬಂಗಾರದ ಮಳೆ ಇಲ್ಲ. ನನ್ನ ನೋಟಬುಕ್ಕಿನ ಯಾವ ಹಾಳೆಯಲ್ಲೂ ಅಂಥ ಸಾಲು ಇರಲಿಲ್ಲ. ನಾನು ಬಾಗಿಲ ಹೊರಗೆ ನಿಂತು ಅಳುತ್ತಿದ್ದೆ, ಯಾಕೆಂದು ಅತ್ತಿಗೂ ತಿಳಿಯಲಿಲ್ಲ.

ಎಲ್ಲ ಅಲ್ಲಿಗೇ ಸುಖವಾಗಿ ಮುಗಿಯಿತು ಎಂದು ಹೇಳಲಾರೆ. ಅಕ್ಕನ ಅತ್ತೆ ನಮ್ಮ ಅತ್ತಿಯನ್ನು ಅಡಿಗೆಮನೆಗೆ ಕರೆದು ಬಾಗಿಲು ಹಾಕಿಕೊಂಡು, "ಮೊದಲ ಹೇಳಬೇಕಿತ್ತರೀ ನೀವು. ನಮ್ಮನ್ನ ಏನಂತ ತಿಳದ್ರಿ?" ಎಂದರು. ಅವರ ಮಾತಿನಲ್ಲಿ ತಪ್ಪೇನಿತ್ತು? ಅಪ್ಪ ಆಮೇಲೆ ತಾನೇ ಬೆಳಗಾವಿಗೆ ಹೋಗಿ, ಅವರ ಮುಂದೆ ಕೈ ಮುಗಿದು ಬಂದ. ಆ ಮನೆಯ ಮುನಿಸು ಪೂರ್ತಿ ಇಳಿಯಲು ಒಂದು ಮಳೆಗಾಲವೇ ಬೇಕಾಯಿತು. ಆದರೆ ಅಕ್ಕನಿಗೆ ಉಪ್ಪು ಕೇಳಲು ಹಾಡಬೇಕಾಗಲಿಲ್ಲ.

ನಾನು ಒಡಪು ಬರೆಯುವುದನ್ನು ಬಿಡಲಿಲ್ಲ. ಬಂದ ಹುಡುಗಿಯರಿಗೆ ಗಂಡನ ಊರು ಕೇಳುವ ಮೊದಲು, "ಸ್ವಲ್ಪ ಮಾತಾಡವಾ, ಏನಾರ ಮಾತಾಡು" ಎಂದು ಕೂರಿಸಿಕೊಂಡು ಸುಮ್ಮನೆ ಕೇಳತೊಡಗಿದೆ. ಮುಂದೆ ಬೆಳಗಾವಿಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್ ಆದೆ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಮಕ್ಕಳ ಹಾಡು ಬರೆಯುವ ಕೆಲಸ ಪ್ರತಿವರ್ಷ ನನ್ನ ಪಾಲಿಗೇ. ಅಲ್ಲೂ ಅಷ್ಟೇ, ನನಗೆ ಮೆಚ್ಚಿಗೆಯಾದ ಸಾಲಿನಲ್ಲಿ ಮಕ್ಕಳು ಒಂದೇ ಕಡೆ ಎರಡು ಸಲ ಎಡವಿದರೆ ಆ ಸಾಲನ್ನೇ ಹೊಡೆದುಹಾಕುತ್ತಿದ್ದೆ. ಸಂಕಟವಾಗುತ್ತಿತ್ತು, ಆದರೂ ಹೊಡೆದುಹಾಕುತ್ತಿದ್ದೆ.

ಎಂಬತ್ತರ ದಶಕದ ಕೊನೆಗೆ ಬೆಳಗಾವಿಗೆ ವಿಡಿಯೋ ಗೇಮ್ ಬಂತು. ಅಕ್ಕನ ಮನೆಯಿಂದ ಸ್ವಲ್ಪ ದೂರದ ಐಸ್‌ಕ್ರೀಮ್ ಅಂಗಡಿಯಲ್ಲಿ ಬೀರುವಿನಷ್ಟು ಎತ್ತರದ ಒಂದು ಮಶೀನು ಇಟ್ಟಿದ್ದರು. ಅಕ್ಕನ ಮಗಳಿಗೆ ಒಂಬತ್ತು ವರ್ಷ, ಅದರ ಹುಚ್ಚು ಹಿಡಿದಿತ್ತು. ಒಂದು ರವಿವಾರ ಸಂಜೆ ನನ್ನನ್ನೂ ಅಕ್ಕನನ್ನೂ ಎಳೆದುಕೊಂಡು ಹೋದಳು. ಸ್ಟೂಲಿನ ಮೇಲೆ ನಿಂತು, ನಾಲಿಗೆ ಹೊರಗೆ ಚಾಚಿ, ಕೋಟೆಯ ಬಾಗಿಲಿಗೆ ಅಡ್ಡ ನಿಂತ ರಾಕ್ಷಸನ ಜೊತೆ ಹೊಡೆದಾಡಿದಳು. ಎಷ್ಟೋ ದಿನದಿಂದ ಆ ಬಾಗಿಲು ದಾಟಬೇಕೆಂದು ಅವಳ ಹಟ. ಆವತ್ತು ಬಾಗಿಲ ಹತ್ತಿರವೇ ಸತ್ತಳು. ಪರದೆಯ ಮೇಲೆ ಇಂಗ್ಲಿಷಿನ ಒಂದೇ ಶಬ್ದ ಬಂತು, ಅದರ ಕೆಳಗೆ ದೊಡ್ಡದಾಗಿ ಒಂಬತ್ತು.

"ಏನಂತಲೇ ಅದು?" ಎಂದೆ.

"ಇನ್ನೂ ಆಡತೀಯೇನು ಅಂತ ಕೇಳತೈತಿ ಚಿಗವ್ವಾ. ಸೊನ್ನಿ ಬರೂದ್ರಾಗ ನಾಣ್ಯ ಹಾಕಿದ್ರ ಇಲ್ಲಿಂದನ ಮುಂದ. ಇಲ್ಲಂದ್ರ ಮೊದಲಿಂದ."

ಪರವಾಗಿಲ್ಲವೇ, ಎಂದುಕೊಂಡೆ ನಾನು. ಇದನ್ನು ಬರೆದವನು ಯಾರೋ ಜಾಣ. ಒಂದೇ ಶಬ್ದ, ಆಡುವವರನ್ನೇ ಕೇಳುತ್ತದೆ, ಉತ್ತರಕ್ಕೆ ಜಾಗ ಬಿಡುತ್ತದೆ. ನನ್ನ ಬಂಗಾರದ ಮಳೆಗಿಂತ ಎಷ್ಟೋ ವಾಸಿ. ಸೊನ್ನೆಯ ತನಕ ಎಣಿಸುವುದೊಂದು ಮಾತ್ರ ನನಗೆ ಸೇರಲಿಲ್ಲ.

ಹುಡುಗಿಯ ಮುಷ್ಟಿಯಲ್ಲಿ ಇನ್ನೊಂದು ನಾಣ್ಯ ಇತ್ತು. "ಅವ್ವಾ, ಹಾಕ್ಲೇನು?" ಎಂದು ಅಕ್ಕನ ಕಡೆ ತಿರುಗಿದಳು. ಎಂಟು.

ಅಕ್ಕ ಬಾಯಿ ತೆರೆದಳು. ಮಾತು ನಿಂತಿತು. ಏಳು, ಆರು. ಕಣ್ಣು ಮುಚ್ಚಿದಳು, ಕತ್ತಿನ ನರ ಎದ್ದಿತು. ಮಶೀನು ಒಂದೊಂದು ಅಂಕಿಗೂ ಟಣ್ ಟಣ್ ಎನ್ನುತ್ತಿತ್ತು. ನಾಲ್ಕು. ನನಗೆ ಹಳೆಯ ಚಾಳಿ, "ಹಾಕಲೇ, ಹಾಕು, ಹೋಗತೈತಿ" ಎಂದು ಕೂಗಿದೆ. ಹುಡುಗಿ ಕೈ ಸ್ವಲ್ಪ ಎತ್ತಿದಳು, ಅಂಗೈ ನನ್ನ ಕಡೆಗೆ. ತಿರುಗಿ ಕೂಡ ನೋಡಲಿಲ್ಲ. ಅವ್ವನ ಮುಖದ ಮೇಲಿಂದ ಅವಳು ಕಣ್ಣು ತೆಗೆದಿರಲಿಲ್ಲ. ಎರಡು, ಒಂದು, ಸೊನ್ನೆ. ಪರದೆ ಕಪ್ಪಾಯಿತು. ಆಮೇಲೆ ಬಂತು ಅಕ್ಕನ ಮಾತು, "ಹಾಕು."

"ಅಯ್ಯೋ, ಹೋತಲ್ಲೇ ಆಟ!" ಎಂದೆ.

"ಹೋಗ್ಲಿ ಬಿಡು ಚಿಗವ್ವಾ," ಎಂದಳು ಹುಡುಗಿ, ನಾಣ್ಯ ಹಾಕಿ ಮೊದಲಿನಿಂದ ಶುರು ಮಾಡುತ್ತ. "ಅವ್ವ ಮಾತಾಡಾಕತ್ತಿದ್ಲಲ್ಲ."